ಆಗಸ್ಟ್ 3ರ ಹಸಿರು ಗುರುತು

ಏಳು ವರ್ಷ ಇದ್ದ ಬಾಡಿಗೆ ಮನೆಯನ್ನು ಬಿಡುವುದರಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಮಾಲೀಕರು ಫೋನ್ ಮಾಡಿ ಮುಂಗಡದ ಲೆಕ್ಕ ತೆಗೆದರು. ‘ಮೊದಲ ಕಂತು ಬಂದಿದೆ, ಅದನ್ನು ಕೊಟ್ಟುಬಿಡುತ್ತೇನೆ. ಎರಡನೆಯದು ಬಂದೇ ಇಲ್ಲವಲ್ಲ’ ಎಂದರು. ವಯಸ್ಸಾದವರು, ಮೆಲುಮಾತಿನವರು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ‘ಅರ್ಧ ಗಂಟೆ ಕೊಡಿ. ಎಲ್ಲವೂ ಬ್ಯಾಂಕಿನಲ್ಲಿದೆ, ತೋರಿಸುತ್ತೇನೆ’ ಎಂದೆ. ಆ ಅರ್ಧ ಗಂಟೆ ಮುಗಿದಾಗ ರಾತ್ರಿ ಎಂಟಾಗಿತ್ತು.

ಸಾಕ್ಷಿಯೇನೋ ಐದು ನಿಮಿಷದಲ್ಲೇ ಸಿಕ್ಕಿತು. ಮೊಬೈಲಿನ ಹಳೆಯ ಚಿತ್ರಗಳಲ್ಲಿ ಒಂದು ಸ್ಕ್ರೀನ್‌ಶಾಟ್: ಹಸಿರು ವೃತ್ತದೊಳಗೆ ಬಿಳಿ ಗುರುತು, ಕೆಳಗೆ ‘ವರ್ಗಾವಣೆ ಯಶಸ್ವಿ’, ಮಾಲೀಕರ ಹೆಸರು, ಮೊತ್ತ. ಉಲ್ಲೇಖ ಸಂಖ್ಯೆ ಮಾತ್ರ ಪರದೆಯ ಕೆಳ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಹಾಗೆಯೇ ಕಳುಹಿಸಿಬಿಡಬಹುದಿತ್ತು. ಆದರೆ ಕೋಪದಲ್ಲಿದ್ದವನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಸಂಖ್ಯೆಯನ್ನೂ ಸೇರಿಸಿ, ಇನ್ನೊಂದು ಮಾತಿಗೆ ಎಡೆಯಿಲ್ಲದಂತೆ ಮಾಡಬೇಕೆಂಬ ಹಟ. ಆ ಹಟವೇ ನನ್ನ ಮಾನ ಉಳಿಸಿತು.

ಬ್ಯಾಂಕಿನ ಆ್ಯಪ್ ತೆರೆದೆ. ಹಣ ಹೋದದ್ದು ಯಾವ ಖಾತೆಯಿಂದಲೋ ಆ ಖಾತೆಯೇ ಅಲ್ಲಿರಲಿಲ್ಲ. ಇರುವುದಾದರೂ ಹೇಗೆ? ಎರಡು ವರ್ಷದ ಹಿಂದೆ ನಾನೇ ಮುಚ್ಚಿಸಿದ್ದೆ. ಖಾತೆಯೊಂದಿಗೆ ಅದರ ಚರಿತ್ರೆಯೂ ಪರದೆಯಿಂದ ಹೋಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಸಹಾಯವಾಣಿಯಾಕೆ ಲಿಖಿತ ಅರ್ಜಿ ಕೊಡಿ ಎಂದರು, ಸಮಯ ಹಿಡಿಯುತ್ತದೆ ಎಂದೂ ಸೇರಿಸಿದರು.

ಇಮೇಲ್ ಹುಡುಕಿದೆ. ತಿಂಗಳಿಗೊಂದರಂತೆ ಬ್ಯಾಂಕಿನ ಪತ್ರಗಳು ಸಾಲಾಗಿ ನಿಂತಿದ್ದವು. ಒಂದನ್ನು ತೆರೆದೆ: ‘ನಿಮ್ಮ ಸ್ಟೇಟ್‌ಮೆಂಟ್ ಸಿದ್ಧವಾಗಿದೆ, ಲಾಗಿನ್ ಆಗಿ ನೋಡಿ.’ ಇನ್ನೊಂದನ್ನು ತೆರೆದೆ, ಅದೇ. ವರ್ಷಗಟ್ಟಲೆ ಇವನ್ನೆಲ್ಲ ಅಳಿಸದೆ ಜೋಪಾನ ಮಾಡಿದ್ದೆ. ಅವೆಲ್ಲವೂ ಬರಿಯ ಆಮಂತ್ರಣಗಳು, ಊಟ ಒಂದರಲ್ಲೂ ಇಲ್ಲ. ಇದ್ದ ಪಾಸ್‌ಬುಕ್, ಚೀಟಿಗಳನ್ನೆಲ್ಲ ಮೂರು ವರ್ಷದ ಹಿಂದೆ ಹರಿದು ಹಾಕಿ, ಇನ್ನು ಮನೆಯಲ್ಲಿ ಕಾಗದದ ಕಾಟವಿಲ್ಲ ಎಂದು ಮೆರೆದಿದ್ದೆ.

ಆದರೂ ಪೂರ್ತಿ ಬರಿಗೈಯವನೇನಲ್ಲ. ಖಾತೆ ಮುಚ್ಚುವ ಮೊದಲು ಲೇವಾದೇವಿಗಳ ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಅಕ್ಷರ-ಅಂಕಿಗಳ ಕಡತವಾಗಿ, ಇಳಿಸಿಕೊಂಡು, ಸ್ಪ್ರೆಡ್‌ಶೀಟಿನಲ್ಲಿ ತೆರೆದು ಉಳಿಸಿಟ್ಟಿದ್ದೆ. ಹುಡುಕಿದೆ, ಮೊತ್ತ ಸಿಕ್ಕಿತು. ದಿನಾಂಕ ಮಾರ್ಚ್ 8. ನಾವು ಆ ಮನೆಯನ್ನು ನೋಡಿದ್ದೇ ಜುಲೈಯಲ್ಲಿ. ಉಲ್ಲೇಖ ಸಂಖ್ಯೆಯ ಅಂಕಣದಲ್ಲಿ 4.12 ಎಂದು ಬರೆದು, ಪಕ್ಕದಲ್ಲೊಂದು ಇ, ಒಂದು ಕೂಡಿಸು ಚಿಹ್ನೆ, ಆಮೇಲೆ 15: ದೊಡ್ಡ ಸಂಖ್ಯೆಯನ್ನು ಮೊಟಕಾಗಿ ತೋರಿಸುವ ರೀತಿ. ಅಂಕಣವನ್ನು ಅಗಲಿಸಿ ಬಿಡಿಸಿ ನೋಡಿದರೆ ಹದಿನಾರು ಅಂಕಿಗಳು ಬಂದವು, ಕೊನೆಯದು ಸೊನ್ನೆ. ಮೇಲಿನ ಸಾಲಿನದೂ ಸೊನ್ನೆ. ಕೆಳಗಿನದೂ ಸೊನ್ನೆ. ಇಷ್ಟು ಸೊನ್ನೆಗಳು ಕಾಕತಾಳೀಯವಾಗಿ ಬರುವುದಿಲ್ಲ.

ಸ್ಪ್ರೆಡ್‌ಶೀಟ್ ಸಂಖ್ಯೆಯನ್ನು ಕಂಡರೆ ಅದು ಲೆಕ್ಕ ಮಾಡುವುದಕ್ಕೆಂದೇ ಇದೆ ಎಂದು ಭಾವಿಸುತ್ತದೆ. ಹದಿನೈದು ಅಂಕಿಗಳವರೆಗೆ ನಿಖರ, ಅದರಾಚೆಯದನ್ನು ಸೊನ್ನೆ ಮಾಡಿ ಮುಂದೆ ಹೋಗುತ್ತದೆ. ಖಾತೆ ಸಂಖ್ಯೆ ಸೊನ್ನೆಯಿಂದ ಆರಂಭವಾಗಿದ್ದರೆ ಆ ಸೊನ್ನೆಯನ್ನು ಅನಗತ್ಯವೆಂದು ಕಿತ್ತುಹಾಕುತ್ತದೆ. ದಿನಾಂಕಗಳ ಗತಿಯೂ ಅಷ್ಟೇ. ಬ್ಯಾಂಕು ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆದಿತ್ತು. ನನ್ನ ಕಂಪ್ಯೂಟರ್ ತಿಂಗಳನ್ನೇ ಮೊದಲು ಓದುವಂಥದ್ದು. 03/08 ಮಾರ್ಚ್ 8 ಆಯಿತು. ಹನ್ನೆರಡನೆಯ ತಾರೀಖಿನ ನಂತರದವು ಹಾಗೆ ತಿರುಗಲಾರದೆ ಬರಿಯ ಅಕ್ಷರಗಳಾಗಿ ಅಂಕಣದ ಎಡ ಗೋಡೆಗೆ ಅಂಟಿಕೊಂಡಿದ್ದವು, ತಿರುಗಿದವು ಬಲ ಗೋಡೆಗೆ. ಎರಡು ವರ್ಷ ಆ ಕಡತ ನನ್ನ ಬಳಿ ಇತ್ತು. ಆ ಎಡ-ಬಲ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಉಳಿಸಿಟ್ಟ ಮೇಲೆ ಒಮ್ಮೆಯೂ ತೆರೆದಿರಲಿಲ್ಲ. ಸಿಎಸ್‌ವಿಯ ಮೂಲ ಪ್ರತಿಯನ್ನು ಹಾಗೆಯೇ ಬಿಟ್ಟಿದ್ದರೆ ಅದರಲ್ಲಿ ಎಲ್ಲ ಅಂಕಿಗಳೂ ಇರುತ್ತಿದ್ದವು. ತೆರೆದು, ಸ್ಪ್ರೆಡ್‌ಶೀಟಿನ ರೂಪದಲ್ಲಿ ಮಾತ್ರ ಉಳಿಸಿಕೊಂಡು, ಕೆಡಿಸಿದವನು ನಾನು.

ಮಧ್ಯಾಹ್ನದ ಹೊತ್ತಿಗೆ ಹಳೆಯ ಲ್ಯಾಪ್‌ಟಾಪ್ ಕೆಳಗಿಳಿಯಿತು. ಇಳಿಸಿಕೊಂಡ ಕಡತಗಳ ನಡುವೆ ‘ಸ್ಟೇಟ್‌ಮೆಂಟ್’, ‘ಸ್ಟೇಟ್‌ಮೆಂಟ್ 1’ ಎಂದು ಶುರುವಾಗಿ 40ರವರೆಗೆ ಪಿಡಿಎಫ್‌ಗಳು. ಯಾವುದು ಯಾವ ತಿಂಗಳಿನದೋ ದೇವರಿಗೇ ಗೊತ್ತು. ಎಲ್ಲದಕ್ಕೂ ಬೀಗ. ಹೆಸರಿನ ಮೊದಲ ನಾಲ್ಕು ಅಕ್ಷರ, ಮೊಬೈಲಿನ ಕೊನೆಯ ನಾಲ್ಕು ಅಂಕಿ ಎಂಬ ಸೂತ್ರ ನೆನಪಿತ್ತು. ಹಾಕಿದೆ, ತೆರೆಯಲಿಲ್ಲ. ಆಗ ನನ್ನ ಬಳಿ ಇದ್ದದ್ದು ಬೇರೆ ಮೊಬೈಲ್ ಸಂಖ್ಯೆ ಎಂಬುದು ಹೊಳೆಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಆ ಸಂಖ್ಯೆಯೋ, ನನಗೇ ನೆನಪಿಲ್ಲ. ತಂಗಿಗೆ ಫೋನ್ ಮಾಡಿದೆ. ಅವಳು ಯಾವುದನ್ನೂ ಅಳಿಸುವವಳಲ್ಲ. ‘ಅಣ್ಣ ಹಳೆಯದು’ ಎಂಬ ಹೆಸರಿನಲ್ಲಿ ಇನ್ನೂ ಇಟ್ಟಿದ್ದಳು. ನಾಲ್ಕು ಅಂಕಿ ಹಾಕಿದೆ, ಬಾಗಿಲು ತೆರೆಯಿತು.

ಒಂದೊಂದನ್ನೇ ತೆರೆದು, ವರ್ಷ ಮೊದಲು, ಆಮೇಲೆ ತಿಂಗಳು ಬರುವಂತೆ ಹೆಸರಿಡುತ್ತಾ ಹೋದೆ: 2018-06, 2018-07. ಹೀಗೆ ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಐಎಸ್‌ಒ 8601 ಎಂಬ ಮಾನದಂಡ ಇದನ್ನು 1988ರಲ್ಲೇ ಹೇಳಿದೆ, ಕಿವಿಗೆ ಹಾಕಿಕೊಳ್ಳದವನು ನಾನೊಬ್ಬನೇ ಅಲ್ಲ ಎಂಬುದಷ್ಟೇ ಸಮಾಧಾನ. ಹೆಸರಿಡುವಾಗ ಒಂದು ತಿಂಗಳ ಅಂತಿಮ ಶಿಲ್ಕು ಮುಂದಿನ ತಿಂಗಳ ಆರಂಭಿಕ ಶಿಲ್ಕಿಗೆ ಹೊಂದುತ್ತದೆಯೇ ಎಂದು ನೋಡುತ್ತಿದ್ದೆ. ಸರಪಳಿಯ ಕೊಂಡಿಯಂತೆ ಅದು. ಎಲ್ಲಿ ಹೊಂದುವುದಿಲ್ಲವೋ ಅಲ್ಲೊಂದು ತಿಂಗಳು ಕಾಣೆಯಾಗಿದೆ ಎಂದೇ ಅರ್ಥ. ಎರಡು ತಿಂಗಳು ಕಾಣೆಯಾಗಿದ್ದವು, ಐದು ತಿಂಗಳಿಗೆ ಎರಡೆರಡು ಪ್ರತಿ ಇತ್ತು. ಆಗಸ್ಟ್ ಇತ್ತು.

ಜುಲೈಯ ಅಂತಿಮ ಶಿಲ್ಕು, ಆಗಸ್ಟಿನ ಆರಂಭಿಕ ಶಿಲ್ಕು ಸರಿಹೊಂದಿದವು. ಆದರೆ ಆಗಸ್ಟಿನ ಕೊನೆಯ ಶಿಲ್ಕನ್ನು ನೋಡಿ ಕೈ ನಿಂತಿತು. ಅಷ್ಟು ದೊಡ್ಡ ಮೊತ್ತ ಹೋದ ತಿಂಗಳು ಖಾತೆ ಇಷ್ಟು ದಷ್ಟಪುಷ್ಟವಾಗಿ ಇರುವುದು ಹೇಗೆ? ಸಾಲು ಸಾಲಾಗಿ ಮೇಲಕ್ಕೆ ಹೋದೆ. 3ನೇ ತಾರೀಖು, ಶುಕ್ರವಾರ, ಎರಡನೆಯ ಕಂತು ಖರ್ಚು. 7ನೇ ತಾರೀಖು, ಮಂಗಳವಾರ, ಅಷ್ಟೇ ಮೊತ್ತ ಜಮಾ. ಪಕ್ಕದಲ್ಲಿ ಮೂರಕ್ಷರದ ಒಂದು ಸಂಕ್ಷೇಪ, ಅದರ ಹಿಂದೆ ಅದೇ ಹದಿನಾರು ಅಂಕಿಯ ಉಲ್ಲೇಖ ಸಂಖ್ಯೆ, ಕೊನೆಯ ಅಂಕಿ 7.

ಹಣ ವಾಪಸ್ ಬಂದಿತ್ತು.

ಸ್ಪ್ರೆಡ್‌ಶೀಟಿಗೆ ಹಿಂದಿರುಗಿದೆ. ಅಲ್ಲಿಯೂ ಆ ಜಮಾ ಇತ್ತು. 07/08 ತಿರುಗಿ ಜುಲೈ 8 ಆಗಿ, ‘ಮಾರ್ಚ್ 8’ರ ಖರ್ಚಿನಿಂದ ನಾಲ್ಕು ತಿಂಗಳ ದೂರದಲ್ಲಿ ಅಪರಿಚಿತನಂತೆ ಕುಳಿತಿತ್ತು. ಹಸಿರು ಗುರುತು ಹೇಳಿದ್ದೂ ಸುಳ್ಳಲ್ಲ. ಕಳುಹಿಸುವ ಬ್ಯಾಂಕಿನ ಪಾಲಿಗೆ ಕಳುಹಿಸಿದ್ದು ಯಶಸ್ವಿ. ಆ ಕಡೆಯ ಖಾತೆ ಅದನ್ನು ಹಿಡಿದುಕೊಂಡಿತೇ ಎಂಬುದು ಬೇರೆ ಪ್ರಶ್ನೆ. ಏಳು ವರ್ಷ ನಾನು ಆ ಚಿತ್ರವನ್ನು ರಸೀದಿ ಎಂದುಕೊಂಡಿದ್ದೆ. ಬೆಳಿಗ್ಗೆ ಕಳುಹಿಸಿಬಿಟ್ಟಿದ್ದರೆ ಎಂದು ನೆನೆದು ಕಿವಿ ಬಿಸಿಯಾಯಿತು.

ಕೂಡಲೇ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮುಜುಗರವನ್ನು ಕೆಲಸದಲ್ಲಿ ಮುಳುಗಿಸುವುದು ನನ್ನ ಹಳೆಯ ಚಾಳಿ. ಇರುವ ಖಾತೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ, ಕಂಪ್ಯೂಟರಿನ ಹಾಳೆಗೆ: ತೆರೆದ ದಿನ, ಮುಚ್ಚಿದ ದಿನ, ಜೋಡಿಸಿದ ಮೊಬೈಲ್ ಸಂಖ್ಯೆ, ಆಯಾ ಕಾಲದ ಪಿಡಿಎಫ್‌ನ ಪಾಸ್‌ವರ್ಡ್ ಸೂತ್ರ. ಲಾಗಿನ್ ಪಾಸ್‌ವರ್ಡ್‌ಗಳಿಗೆ ಅಲ್ಲಿ ಜಾಗವಿಲ್ಲ, ಅವು ಪಾಸ್‌ವರ್ಡ್ ಮ್ಯಾನೇಜರಿನಲ್ಲಿವೆ. ಪಿಡಿಎಫ್‌ಗಳನ್ನು ತೆರೆದು ಬೀಗವಿಲ್ಲದ ಪ್ರತಿಗಳನ್ನೂ ಮಾಡಿದೆ. ದೀರ್ಘಕಾಲ ಉಳಿಸುವುದಕ್ಕೆಂದೇ 2005ರಲ್ಲಿ ಬಂದ ಪಿಡಿಎಫ್-ಎ ಮಾನದಂಡ ಕಡತಕ್ಕೆ ಬೀಗವನ್ನೇ ನಿಷೇಧಿಸುತ್ತದೆ. ಏಕೆಂದು ಆ ಮಧ್ಯಾಹ್ನದ ನಂತರ ನನಗೆ ಯಾರೂ ವಿವರಿಸಬೇಕಾಗಿಲ್ಲ. ಮೂಲ ಪ್ರತಿಗಳನ್ನು ಎಸೆಯಲಿಲ್ಲ. ಬ್ಯಾಂಕಿನ ಡಿಜಿಟಲ್ ಸಹಿ ಇರುವುದು ಮೂಲದಲ್ಲಿ, ಹೊಸದಾಗಿ ಉಳಿಸಿದ ಪ್ರತಿಯಲ್ಲಿ ಅದು ಉಳಿಯುವುದಿಲ್ಲ. ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಬೀಗವನ್ನು ಫೋಲ್ಡರಿಗೆ ಹಾಕಿ, ಒಂದು ನಕಲು ಹೊರ ಡಿಸ್ಕಿಗೆ ತೆಗೆದೆ. ಇನ್ನೊಂದು ತಂಗಿಯ ಮನೆಗೆ ಹೋಗಬೇಕು. ಯಾವುದನ್ನೂ ಅಳಿಸದವಳು ಅದಕ್ಕೆ ಯೋಗ್ಯಳು.

ಎಂಟಕ್ಕೆ ಮಾಲೀಕರಿಗೆ ಫೋನ್ ಮಾಡಿದೆ. ‘ನೀವು ಹೇಳಿದ್ದೇ ಸರಿ. ಹಣ ನನಗೇ ವಾಪಸ್ ಬಂದಿತ್ತು’ ಎಂದೆ. ಗೆದ್ದ ದನಿ ಕೇಳಲು ಸಿದ್ಧನಾಗಿದ್ದೆ.

‘ಹೌದೌದು. ಆಗಲೇ ಬರೆದಿಟ್ಟುಕೊಂಡಿದ್ದೆ’ ಎಂದರು. ಆ ಕಡೆ ಪುಟ ತಿರುವುವ ಸದ್ದು ಕೇಳಿಸಿತು. ಹಳೆಯ ಡೈರಿ. ಓದಿದರು: ‘ಆಗಸ್ಟ್ 6. ಮೂರಕ್ಕೇ ಕಳುಹಿಸಿದ್ದೇನೆ ಎಂದರು. ಬಂದಿಲ್ಲ. ನೆನಪಿಸಬೇಕು.’

‘ಮತ್ತೆ ನೆನಪಿಸಲೇ ಇಲ್ಲವಲ್ಲ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮಾರನೆಯ ದಿನ ಪುಟ ತಿರುವಿದೆನಲ್ಲ’ ಎಂದರು.