ಆಶ್ರಯ ಕೇಂದ್ರವಿದ್ದರೂ ಅವರು ಅಂಗಡಿ ಜಗಲಿಯಲ್ಲೇ ಏಕೆ ಮಲಗುತ್ತಾರೆ?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಸೆಂಟ್ರಲ್ ರೈಲು ನಿಲ್ದಾಣ ಮತ್ತು ದಕ್ಕೆಯ (ಮೀನುಗಾರಿಕೆ ಬಂದರಿನ) ಸುತ್ತಮುತ್ತ ಸೂರಿಲ್ಲದೆ ರಾತ್ರಿ ಕಳೆಯುವವರನ್ನು ನಾವು ಕೆಲವು ಗೆಳೆಯರು ಪ್ರತಿ ಗುರುವಾರ ಭೇಟಿಯಾಗುತ್ತೇವೆ. ಇದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಆಶ್ರಯ ಕೇಂದ್ರವಿರುವಾಗ ಇವರು ಅಲ್ಲಿಗೇಕೆ ಹೋಗುವುದಿಲ್ಲ? ‘ಅವರಿಗೇ ಬೇಡವಾಗಿದೆ’ ಎಂಬ ತೀರ್ಮಾನ ಈ ಪ್ರಶ್ನೆಯೊಳಗೇ ಇರುವುದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಮೊದಲ ಕಾರಣ ಭಯ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳುಹಿಸಬಹುದು. ನಮ್ಮಲ್ಲಿ ಅದು ಪಚ್ಚನಾಡಿಯಲ್ಲಿದೆ. ರಾತ್ರಿ ತಂಗಿ ಬೆಳಿಗ್ಗೆ ತಮ್ಮಷ್ಟಕ್ಕೆ ಎದ್ದು ಹೋಗಬಹುದಾದ ನಗರ ವಸತಿರಹಿತರ ಆಶ್ರಯ ಕೇಂದ್ರವೇ ಬೇರೆ. ಆದರೆ ಬೀದಿಯಲ್ಲಿರುವವರಿಗೆ ಈ ವ್ಯತ್ಯಾಸವನ್ನು ಯಾರೂ ಕುಳಿತು ಹೇಳಿರುವುದಿಲ್ಲ. ‘ಬನ್ನಿ, ಕೇಂದ್ರಕ್ಕೆ ಹೋಗೋಣ’ ಎಂದೊಡನೆ ಅವರು ಗಂಟುಮೂಟೆ ಎತ್ತಿಕೊಂಡು ಜಾಗ ಬದಲಿಸುತ್ತಾರೆ.

ಎರಡನೆಯದು ದುಡಿಮೆ. ಬಯಲಲ್ಲಿ ಮಲಗುವವರೆಲ್ಲ ಭಿಕ್ಷುಕರು ಎಂದುಕೊಳ್ಳುವುದು ನಮ್ಮ ದೊಡ್ಡ ತಪ್ಪು. ದಕ್ಕೆಯಲ್ಲಿ ದುಡಿಯುತ್ತಿದ್ದ, ಗದಗ ಕಡೆಯ ಹಿರಿಯರೊಬ್ಬರನ್ನು ನಾವು ಕಂಡದ್ದು ಜೂನ್ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕೂಲಿಯೂ ಇಲ್ಲ, ಮಲಗಲು ದೋಣಿಯೂ ಇಲ್ಲ, ಮಳೆಯಂತೂ ಬಿಡುವುದಿಲ್ಲ. ಮೊದಲ ಎರಡು ವಾರ ಅವರು ಗಂಜಿ ತೆಗೆದುಕೊಂಡರು, ಮಾತಾಡಲಿಲ್ಲ. ಮೂರನೆಯ ವಾರ, “ಮುಂದಿನ ವಾರಾನೂ ಬರ್ತೀರೇನ್ರೀ?” ಎಂದು ಕೇಳಿದರು. ಅನ್ನಕ್ಕಿಂತ ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರವೇ ಮುಖ್ಯವಾಯಿತೆಂದು ನಾನು ನಂಬುತ್ತೇನೆ, ಏಕೆಂದರೆ ಹೇಳಿದ ದಿನ ಹೇಳಿದ ಹೊತ್ತಿಗೆ ಹೋದ ಮೇಲೆಯೇ ಅವರು ತಮ್ಮ ಹೆಸರು ಹೇಳಿದರು. ಜುಲೈಯಲ್ಲಿ ನಮ್ಮೊಡನೆ ಆಶ್ರಯ ಕೇಂದ್ರಕ್ಕೂ ಬಂದರು. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದಾಗ ಮತ್ತೆ ಜಗಲಿಗೆ ಮರಳಿದರು: ಮೀನು ಇಳಿಸಲು ಬೆಳಗಿನ ಜಾವವೇ ಹೊರಡಬೇಕು, ಆ ಹೊತ್ತಿಗೆ ಕೇಂದ್ರದ ಗೇಟು ತೆರೆಯುತ್ತಿರಲಿಲ್ಲ. ಮೇಲ್ವಿಚಾರಕರೊಂದಿಗೆ ಮಾತಾಡಿ ಅದನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷ ಅವರ ಪರವಾಗಿ ನಿಲ್ಲುವವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಪ್ರತಿ 1 ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಮಂದಿಗೆ ಆಶ್ರಯವಿರಬೇಕು, ಒಬ್ಬೊಬ್ಬರಿಗೆ 50 ಚದರಡಿ ಸ್ಥಳ ಬೇಕು ಎಂದಿತ್ತು. ಈ ಅಳತೆಗಳು ಅಗತ್ಯವೇ, ಆದರೆ ಜಗಲಿಯಿಂದ ಆ ಬಾಗಿಲಿನವರೆಗೆ ಜೊತೆಗೆ ನಡೆಯುವವರು ಇಲ್ಲದಿದ್ದರೆ ಹಾಸಿಗೆ ಖಾಲಿಯೇ ಉಳಿಯುತ್ತದೆ.

ಮನೋರೋಗದಿಂದ ಅಲೆಯುತ್ತಿರುವವರ ವಿಷಯ ಬೇರೆ. ಅಲ್ಲಿ ನಮ್ಮ ಒಡನಾಟವಷ್ಟೇ ಸಾಲದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 100ನೇ ಕಲಮಿನಂತೆ ಅಂಥವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಮತ್ತು ಕುಟುಂಬವನ್ನು ಹುಡುಕುವುದು ಪೊಲೀಸರ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗುವಾಗ ಈ ಕಲಮಿನ ಒಂದು ಪ್ರತಿಯನ್ನು ಜೊತೆಗೆ ಒಯ್ಯಿರಿ.

‘ನಾವೇನು ಮಾಡಬಹುದು?’ ಎನ್ನುವವರಿಗೆ ನಾನು ಹೇಳುವುದಿಷ್ಟು. ಹುಟ್ಟುಹಬ್ಬದ ದಿನ ನೂರು ಪೊಟ್ಟಣ ಹಂಚುವುದಕ್ಕಿಂತ, ನಿಮ್ಮ ಮನೆಯ ದಾರಿಯಲ್ಲೇ ಮಲಗುವ ಒಬ್ಬರನ್ನು ವಾರಕ್ಕೊಮ್ಮೆ ಅದೇ ಹೊತ್ತಿಗೆ ಮಾತಾಡಿಸಿ. ಪಕ್ಕದಲ್ಲಿ ಕುಳಿತು ಊರು ಯಾವುದೆಂದು ಕೇಳಿ, ಫೋಟೋ ತೆಗೆಯಬೇಡಿ. ಬರಲಾಗದ ವಾರವಿದ್ದರೆ ಮೊದಲೇ ತಿಳಿಸಿ ಹೋಗಿ.