ಕಾಫಿ ಕಣದಲ್ಲಿ ದೇವಯಾನಿ

ಕೊಡಗಿನ ಕಕ್ಕಬೆಗೆ ಬರುವವರು ಹೆಚ್ಚಾಗಿ ತಡಿಯಂಡಮೋಳ್ ಬೆಟ್ಟ ಹತ್ತಲು ಬರುತ್ತಾರೆ. ನಾನೂ ಮಗಳೂ ಹೋಗಿದ್ದು ಕತ್ತಲೆಗಾಗಿ. ಎಳ್ಳಮಾವಾಸ್ಯೆಯ ಹಿಂದಿನ ದಿನ, ಎಂಟು ಇಂಚು ಬಾಯಗಲದ ಟೆಲಿಸ್ಕೋಪಿಗೆ ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೆಂಗಳೂರಿನಿಂದ ಹೊರಟೆವು. ವಿರಾಜಪೇಟೆಯಲ್ಲಿ ಮೋಡ ಇತ್ತು. ಕಕ್ಕಬೆ ಮುಟ್ಟುವಾಗ ಚದುರಿತ್ತು.

ಕಾಫಿ ತೋಟದಲ್ಲಿ ಉಳಿದುಕೊಂಡರೆ ಆಕಾಶವೇ ಕಾಣುವುದಿಲ್ಲ. ಕಾಫಿಗೆ ನೆರಳು ಬೇಕು. ಹಾಗಾಗಿ ಎತ್ತ ನೋಡಿದರೂ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬಯಲು ಅಂತ ಇರುವುದು ಕಾಫಿ ಒಣಗಿಸುವ ಕಣ ಮಾತ್ರ. ಮನೆಯ ಯಜಮಾನರನ್ನು ಕೇಳಿದೆ. "ಮೂಲೆಯಲ್ಲಿ ಇಟ್ಟುಕೊಳ್ಳಿ. ಹಣ್ಣು ತುಳಿಯಬೇಡಿ, ಅಷ್ಟೇ" ಎಂದರು. ಇಬ್ಬನಿ ಬೀಳುವ ಮೊದಲೇ ಕೆಲಸದವರು ಹಣ್ಣನ್ನು ರಾಶಿ ಮಾಡಿ ಟಾರ್ಪಾಲ್ ಹೊದಿಸಿದರು. ಅದರ ಹುಳಿ ವಾಸನೆ ರಾತ್ರಿಯಿಡೀ ನಮ್ಮ ಜೊತೆಗಿತ್ತು.

ಏಳೂವರೆಗೆ ಅಂಗಳದ ದೀಪ ಆರಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ಸುಮ್ನೆ ಕೂತೆವು.

ಮೊದಲು ದೇವಯಾನಿ ಗೆಲಾಕ್ಸಿ, ಅಂದರೆ ಆಂಡ್ರೊಮೇಡಾ ಎಂಬ ನಕ್ಷತ್ರಗಳ ಭಾರಿ ಗುಂಪು. ಉತ್ತರದಲ್ಲಿ ಕುಂತಿ ನಕ್ಷತ್ರಪುಂಜದ ಐದು ನಕ್ಷತ್ರ ಗುರುತಿಸಿ, ಸ್ವಲ್ಪ ಮೇಲಕ್ಕೆ, ಎಡಕ್ಕೆ ಹೋದರೆ ಬರಿಗಣ್ಣಿಗೇ ಒಂದು ಮಸುಕು ಗುರುತು. ಪರ್ಷಿಯಾದ ಖಗೋಳಜ್ಞ ಅಲ್-ಸೂಫಿ ಸುಮಾರು 964ರಲ್ಲಿ ಇದನ್ನು ಚಿಕ್ಕ ಮೋಡ ಅಂತ ಬರೆದಿಟ್ಟಿದ್ದ. ಮೋಡವಲ್ಲ, ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ಗೆಲಾಕ್ಸಿ ಅಂತ ಖಚಿತವಾಗಲು ಸುಮಾರು ಸಾವಿರ ವರ್ಷ ಹಿಡಿಯಿತು. 1923ರಲ್ಲಿ ಅಮೆರಿಕದ ಖಗೋಳಜ್ಞ ಎಡ್ವಿನ್ ಹಬಲ್ ಅದರೊಳಗೆ ಬೆಳಕು ಏರಿಳಿಯುವ ಒಂದು ನಕ್ಷತ್ರ ಕಂಡುಹಿಡಿದ. ಆ ಏರಿಳಿತದಿಂದಲೇ ದೂರದ ಲೆಕ್ಕ ಸಿಕ್ಕಿತು. ಈಗಿನ ಲೆಕ್ಕದಲ್ಲಿ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ, ಅಂದರೆ ಬೆಳಕು 25 ಲಕ್ಷ ವರ್ಷ ಓಡಿದಷ್ಟು ದೂರ. ಆ ಬೆಳಕು ಹೊರಟಾಗ ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಮಗಳು ಟೆಲಿಸ್ಕೋಪಿಗೆ ಕಣ್ಣಿಟ್ಟಳು. "ಇಷ್ಟೇನಾ ಅಪ್ಪ? ಫೋಟೋದಲ್ಲಿ ಬಣ್ಣ ಇತ್ತಲ್ವಾ?"

ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಡುತ್ತದೆ. ನಮ್ಮ ಕಣ್ಣಿಗೆ ಅದು ಆಗದು. ಮಂದ ಬೆಳಕಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣವೂ ಗೊತ್ತಾಗುವುದಿಲ್ಲ. ಇದನ್ನು ಹೇಳುತ್ತಿರುವಾಗಲೇ ಯಜಮಾನರು ಬಂದರು, ಟಾರ್ಚ್ ಇಲ್ಲದೆ. ಬಗ್ಗಿ ನೋಡಿದರು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ನೇರ ನೋಡಿದರೆ ಮಾಯ ಆಗುತ್ತೆ. ಪಕ್ಕಕ್ಕೆ ನೋಡಿದರೆ ಬರುತ್ತೆ" ಎಂದರು.

ನಾನು ಇದನ್ನು ಕಲಿಯಲು ಒಂದು ವರ್ಷ ತೆಗೆದುಕೊಂಡಿದ್ದೆ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಹಾಗಾಗಿ ಓರೆಗಣ್ಣಲ್ಲೇ ನೋಡಬೇಕು. ಮಗಳು ಹಾಗೆ ನೋಡಿದಳು. ಮಸುಕು ಚುಕ್ಕೆ ಉದ್ದಕ್ಕೆ ಹರಡಿಕೊಂಡಿತು. ಪಕ್ಕದಲ್ಲೇ ಇರುವ ಚಿಕ್ಕ ಜೊತೆಗಾರ ಗೆಲಾಕ್ಸಿಯನ್ನೂ ಅವಳೇ ಹುಡುಕಿದಳು. ಬಣ್ಣದ ವಿಷಯ ಮತ್ತೆ ಎತ್ತಲಿಲ್ಲ.

ಹತ್ತಕ್ಕೆ ಮಹಾವ್ಯಾಧ, ಬೇಟೆಗಾರನ ಆಕಾರದ ನಕ್ಷತ್ರಪುಂಜ, ಮರಗಳ ಮೇಲೆ ಬಂದ. ಅವನ ಸೊಂಟಪಟ್ಟಿಯ ಕೆಳಗಿನ ಕತ್ತಿಯಲ್ಲಿ ನೀಹಾರಿಕೆ. ನೀಹಾರ ಅಂದರೆ ಮಂಜು. ಈ ಹೆಸರು ಕೊಡಗಿನಲ್ಲಿ ಹೇಳಿದಾಗ ಎಷ್ಟು ಸರಿಯಾಗಿ ಕೂರುತ್ತದೆ! ಬಾವಲಿಯ ರೆಕ್ಕೆಯ ಹಾಗೆ ಬೂದು ಹಸಿರಿನ ಮಂಜು, ನಡುವೆ ಒತ್ತೊತ್ತಾಗಿ ನಾಲ್ಕು ನಕ್ಷತ್ರ. ಆ ಎಳೆಯ ನಕ್ಷತ್ರಗಳ ಬಿಸಿ ಬೆಳಕಿಗೇ ಸುತ್ತಲಿನ ಅನಿಲ ಹೊಳೆಯುತ್ತದೆ. ಅಲ್ಲಿ ಇನ್ನೂ ನಕ್ಷತ್ರಗಳು ಹುಟ್ಟುತ್ತಿವೆ. ದೂರ ಸುಮಾರು 1,350 ಜ್ಯೋತಿರ್ವರ್ಷ. ಅಂದರೆ ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು. ನನಗೆ ದೇವಯಾನಿಗಿಂತ ಇದೇ ಹೆಚ್ಚು ಇಷ್ಟ.

ಯಜಮಾನರು ಮನೆಯ ಕಡೆ ತಿರುಗಿ ಕೊಡವ ಭಾಷೆಯಲ್ಲಿ ಹೆಂಡತಿಯನ್ನು ಕರೆದರು. ಅವರು ಶಾಲು ಹೊದ್ದು ಬರುವಷ್ಟರಲ್ಲಿ ಕಣಿವೆಯಿಂದ ಮಂಜು ಏರಿತ್ತು. ಕಣ್ಣಿಡುವ ಗಾಜಿನ ಮೇಲೆ ಇಬ್ಬನಿ. ಮಗಳು ತನ್ನ ಸ್ವೆಟರಿನೊಳಗೆ ಅದನ್ನು ಬೆಚ್ಚಗೆ ಹಿಡಿದುಕೊಂಡಳು. ನಾಲ್ವರೂ ಟಾರ್ಪಾಲ್ ಪಕ್ಕ ನಿಂತು, ಮಂಜು ಸರಿಯಲಿ ಅಂತ ಕಾದೆವು.