ಠಾಣೆಗೆ ಹೋಗಿ ಬಂದ ವೆಬ್ಲಿ

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಅದಾದ ಎರಡು ಮೂರು ದಿನಕ್ಕೇ ಮಾವನಿಗೆ ಠಾಣೆಯಿಂದ ಫೋನ್. "ಗೌಡ್ರೇ, ಕೋವಿ ತಂದು ಡೆಪಾಸಿಟ್ ಮಾಡ್ಬಿಡಿ."

ನಮ್ಮ ಮಲೆನಾಡಿನಲ್ಲಿ ಲೈಸೆನ್ಸ್ ಇರುವ ಮನೆಗಳಿಗೆ ಎಲೆಕ್ಷನ್ ಅಂದರೆ ಮೊದಲು ನೆನಪಾಗುವುದೇ ಇದು, ಎಲ್ಲ ಮುಗಿಯುವವರೆಗೆ ಕೋವಿಯನ್ನು ಠಾಣೆಯಲ್ಲಿಟ್ಟು ಬರುವುದು. ತೋಟಕ್ಕೆ ಹಂದಿ, ಮಂಗ ನುಗ್ಗುವಾಗ ಹೆದರಿಸೋಕೆ ಒಂದು ಈಡು ಹೊಡೆಯೋಣವೆಂದರೂ ಕೋವಿ ಇಲ್ಲವಲ್ಲ ಅಂತ ಎಲ್ಲರೂ ಬೈಯುತ್ತಾರೆ. ಮಾವನ ಚಿಂತೆ ಮಾತ್ರ ಬೇರೆ. ಜೋಡುನಳಿಗೆ ಕೋವಿಯನ್ನು ಅವರು ಪಕ್ಕದ ಮನೆಯವರಿಗೆ ಗುದ್ದಲಿ ಕೊಟ್ಟ ಹಾಗೆ ಕೊಟ್ಟು ಬರುತ್ತಾರೆ. ರಿವಾಲ್ವರ್ ಕೊಡುವಾಗ ಮಾತ್ರ ಮುಖ ಸಣ್ಣದಾಗುತ್ತದೆ.

ಅದು ಪಾಯಿಂಟ್ 32ರ ವೆಬ್ಲಿ ಅಂಡ್ ಸ್ಕಾಟ್. ಬರ್ಮಿಂಗ್‌ಹ್ಯಾಮಿನದ್ದು, ಆರು ಗುಂಡಿನದು. ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯೊಬ್ಬರಿಂದ ಅಜ್ಜ ಕೊಂಡದ್ದಂತೆ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸ್ ಮಾವನ ಹೆಸರಿಗೆ ಬಂತು. ಅದು ಇರುವುದು ಬೀರುವಿನಲ್ಲಿ, ಹಳೇ ಪಂಚೆ ತುಂಡಿನಲ್ಲಿ ಸುತ್ತಿಕೊಂಡು. ಚರ್ಮದ ಚೀಲವೂ ಇದೆ, ಆದರೆ ಅದು ಖಾಲಿ. ಚರ್ಮ ತೇವ ಹಿಡಿದು ಕಬ್ಬಿಣ ತಿನ್ನುತ್ತದೆ ಅನ್ನುವುದು ಮಾವನ ಮೊದಲ ಪಾಠ. ಹೊರಡುವ ಮುನ್ನ ರಿವಾಲ್ವರಿಗೆ ಹೊಲಿಗೆ ಮೆಷಿನ್ ಎಣ್ಣೆ ಸವರಿದರು. "ನನ್ನ ಮೆಷಿನ್ನಿಗೆ ಒಂದು ದಿನ ಒಂದು ಹನಿ ಬಿಟ್ಟವರಲ್ಲ," ಅಂದರು ಅತ್ತೆ, ಅಡುಗೆಮನೆಯಿಂದಲೇ.

ಕಾರು ಓಡಿಸೋಕೆ ನಾನು. ಠಾಣೆಯಲ್ಲಿ ಆಗಲೇ ಏಳೆಂಟು ಜನ ಕೋವಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತ ಹಾಗೆ. ನಮ್ಮ ಸರದಿ ಬಂತು. ಇನ್ನೂ ಮೀಸೆ ಸರಿಯಾಗಿ ಬಾರದ ಕಾನ್‌ಸ್ಟೆಬಲ್ ಹುಡುಗ ರಿವಾಲ್ವರ್ ತಗೊಂಡು ನಂಬರ್ ನೋಡಿ ಬರೆದುಕೊಂಡ. ಒಳಗೆ ಗುಂಡಿದೆಯಾ ಅಂತ ನೋಡಬೇಕಲ್ಲ, ಆ ಗುಂಡಿನ ಉರುಳೆಯನ್ನು ಪಕ್ಕಕ್ಕೆ ತಳ್ಳಿದ. ಬರಲಿಲ್ಲ. ಇನ್ನೂ ಜೋರಾಗಿ ತಳ್ಳಿದ. ಮಾವ ಎದ್ದು ನಿಂತರು.

"ಅದು ಹಂಗಲ್ಲಪ್ಪ. ಕೊಡು ಇಲ್ಲಿ."

ಎಡಗಡೆ ಒಂದು ಸಣ್ಣ ಚಿಲಕ ಇದೆ. ಹೆಬ್ಬೆರಳಲ್ಲಿ ಅದನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಇಡೀ ರಿವಾಲ್ವರ್ ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಥೇಟ್ ಜೋಡುನಳಿಗೆ ಕೋವಿ ಮುರಿದ ಹಾಗೆ. ಬಗ್ಗುತ್ತಿದ್ದಂತೆ ಉರುಳೆಯ ನಡುವಿಂದ ನಕ್ಷತ್ರದಂಥ ಒಂದು ಬಿಲ್ಲೆ ಮೇಲೆದ್ದು, ಆರೂ ತೋಟಾಗಳನ್ನು ಒಟ್ಟಿಗೆ ಹೊರಕ್ಕೆ ಎತ್ತುತ್ತದೆ. ಪೂರ್ತಿ ಬಗ್ಗಿಸಿದಾಗ ಟಕ್ ಅಂತ ಮತ್ತೆ ಒಳಗೆ ಕೂರುತ್ತದೆ. ಮಾವ ಎರಡು ಸಲ ಮಾಡಿ ತೋರಿಸಿದರು. ಒಂದು ಸಲ ಸಾಕಿತ್ತು ಅನ್ನಿ.

ಒಳಗಿಂದ ಎಎಸ್ಐ ಎದ್ದು ಬಂದರು. ರಿಟೈರ್ ಆಗೋಕೆ ಹತ್ತಿರ ಬಂದವರು. "ವೆಬ್ಲಿಯಾ? ನಾವು ಸೇರಿದಾಗ ಇಲಾಖೆಯಲ್ಲಿ ಇದರ ಅಣ್ಣ ಇದ್ದ, ಪಾಯಿಂಟ್ 38," ಅಂದರು. ಆ 38 ನಮ್ಮ ನಿಮ್ಮಂಥವರಿಗೆ ಸಿಗುವುದಿಲ್ಲ, ನಿಷೇಧಿತ ಬೋರಿಗೆ, ಅಂದರೆ ಜನಸಾಮಾನ್ಯರಿಗೆ ಬೇಡವೆಂದಿಟ್ಟ ನಳಿಗೆ ಅಳತೆಗೆ ಸೇರಿದ್ದು. ಅದಕ್ಕೇ ಊರಲ್ಲಿ ಇರೋ ರಿವಾಲ್ವರ್‌ಗಳೆಲ್ಲ ಹೆಚ್ಚುಕಮ್ಮಿ 32. ಎಎಸ್ಐ ಕೂಡ ಒಮ್ಮೆ ಬಗ್ಗಿಸಿ, ಟಕ್ ಅನ್ನಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಹುಡುಗನ ಕೈಗೆ ಕೊಟ್ಟರು. ಹುಡುಗ ಅದನ್ನು ಹಿಡಿದು ಒಳಗೆ ಹೋದ. ನಮಗೆ ಒಂದು ರಸೀದಿ ಸಿಕ್ಕಿತು.

ವಾಪಸ್ ಬರುವಾಗ ಕೇಳಿದೆ, "ಮಾವ, ಇದನ್ನು ಕೊಟ್ಟು ಹೊಸದು ತಗೋಬಾರದಾ?" 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ನಿರ್ಭೀಕ್ ಅಂತ ಒಂದು ತಂದಿತ್ತು. ಟೈಟಾನಿಯಂ ಮಿಶ್ರಲೋಹ, ತೂಕ ಬರೀ ಅರ್ಧ ಕೆಜಿ, ಆಗಿನ ಬೆಲೆ 1.22 ಲಕ್ಷ. ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಹೇಳಿದ್ದರು. ಅಷ್ಟು ದುಡ್ಡಿರುವ ಹೆಣ್ಣುಮಕ್ಕಳು ಎಷ್ಟು ಜನವೋ, ಅದು ಬೇರೆ ಮಾತು. ಮಾವ ಕಿಟಕಿ ಕಡೆ ತಿರುಗಿ "ಪೀಪಿ" ಅಂದರು, ಅಷ್ಟೇ.

ಕಾನ್ಪುರದ 32 ಕೂಡ ವೆಬ್ಲಿ ದಾರಿಯಲ್ಲೇ ಹುಟ್ಟಿದ್ದು, ಅದೂ ಹೀಗೇ ನಡು ಮಡಚುತ್ತದೆ ಅಂದೆ. ವೆಬ್ಲಿ ಹೆಸರಿನಲ್ಲೇ ಈಗ ಉತ್ತರ ಪ್ರದೇಶದ ಸಂಡೀಲಾದಲ್ಲಿ ಹೊಸದಾಗಿ ರಿವಾಲ್ವರ್ ಮಾಡುತ್ತಾರೆ ಅಂತಲೂ ಹೇಳಿದೆ.

"ಹೆಸರು ಅದೇ ಇರಬಹುದು ಕಣೋ. ಇದನ್ನ ಉಜ್ಜಿದ ಕೈ ಇನ್ನೆಲ್ಲಿದೆ?"

ನನಗೇನೋ ಇದರಲ್ಲಿ ಅರ್ಧ ಸಿಗದ ವಸ್ತುವಿನ ಮೋಹ ಅನ್ನಿಸುತ್ತದೆ. ಬರ್ಮಿಂಗ್‌ಹ್ಯಾಮಿನವರು 1979ಕ್ಕೆ ಬಂದೂಕು ಮಾಡುವುದನ್ನೇ ನಿಲ್ಲಿಸಿ ಏರ್‌ಗನ್ ಮಾತ್ರ ಉಳಿಸಿಕೊಂಡರು. 80ರ ದಶಕದಲ್ಲಿ ನಮ್ಮ ಸರ್ಕಾರ ಹೊರಗಿನಿಂದ ತರಿಸುವುದನ್ನೂ ಜನಸಾಮಾನ್ಯರಿಗೆ ಬಂದ್ ಮಾಡಿತು. ಅಲ್ಲಿ ಮಾಡುವವರಿಲ್ಲ, ಇಲ್ಲಿ ತರಿಸುವ ಹಾಗಿಲ್ಲ. ಹಾಗಾಗಿ ಒಳಗೆ ಉಳಿದದ್ದಕ್ಕೆಲ್ಲ ಬೆಲೆ ಏರುತ್ತಲೇ ಹೋಯಿತು. ಒಂದು ಸ್ಪ್ರಿಂಗ್ ಮುರಿದರೆ ಅದೇ ಅಳತೆಯದ್ದು ಸಿಗುವುದು ಕಷ್ಟ, ಲೈಸೆನ್ಸ್ ಇರುವ ರಿಪೇರಿಯವನ ಕೈಕಾಲು ಹಿಡಿಯಬೇಕು. ಕೆಲಸಕ್ಕೆ ಅಂತ ನೋಡಿದರೆ ಹೊಸದೇ ವಾಸಿ. ಆದರೆ ಮಾವ ಇದರಲ್ಲಿ ಈಡು ಹೊಡೆದು ಹತ್ತು ವರ್ಷದ ಮೇಲಾಯಿತು. ಕೆಲಸದ ಮಾತು ಅವರ ಹತ್ತಿರ ಆಡಿ ಏನು ಪ್ರಯೋಜನ?

ನಮ್ಮ ಚಿಕ್ಕಮಗಳೂರು ಕಡೆ ಏಪ್ರಿಲ್ 26ಕ್ಕೇ ಓಟು ಮುಗಿಯಿತು. ದೇಶದ ಎಣಿಕೆ ಜೂನ್ 4ಕ್ಕೆ. ಅಲ್ಲೀವರೆಗೆ ಮಾವ ದಿನಕ್ಕೊಮ್ಮೆ ಬೀರು ತೆಗೆದು, ಖಾಲಿ ಪಂಚೆ ತುಂಡು ನೋಡಿ, ಮುಚ್ಚುತ್ತಿದ್ದರಂತೆ. ಜೂನ್ ಎರಡನೇ ವಾರ ಹೋದಾಗ ಮಳೆ ಹಿಡಿದಿತ್ತು. ಠಾಣೆಯ ಗೋಡೆಯೆಲ್ಲ ಬೆವರುತ್ತಿತ್ತು.

ಅದೇ ಹುಡುಗ ನಗುತ್ತಾ ಬಂದ. "ನಿಮ್ಮದು ಹಳೇದು ಅಂತ ಜೋಪಾನವಾಗಿ ಇಟ್ಟಿದ್ದೆ ಸಾರ್. ನೆನೀಬಾರದು ಅಂತ ನಾನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿದ್ದೆ."

ಕವರಿನ ಒಳಗೆ ನೀರ ಹನಿ ಕೂತಿತ್ತು. ಮಾವ ಬಾಯಿ ತೆರೆದರು, ಹುಡುಗನ ಮುಖ ನೋಡಿದರು, ಮುಚ್ಚಿದರು. "ಉಪಕಾರ ಆಯ್ತಪ್ಪ," ಅಂದರು.

ಮನೆಗೆ ಬಂದು ಜಗಲಿಯಲ್ಲಿ ಬಿಚ್ಚಿ ನೋಡಿದೆವು. ಕರಿನೀಲಿ ಬಣ್ಣದ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ. ಚಿಲಕದ ಪಕ್ಕದಲ್ಲಂತೂ ಒಂದು ಪೂರಾ ಹೆಬ್ಬೆಟ್ಟು, ಗೆರೆಗಳ ಸಮೇತ, ತುಕ್ಕಿನಲ್ಲಿ ಮೂಡಿತ್ತು. ಬೆರಳಿನ ಬೆವರು ಮೂರು ತಿಂಗಳು ಅಲ್ಲೇ ಕೂತು ಕೆಲಸ ಮಾಡಿದೆ. ನಾನು ಉಪ್ಪುಕಾಗದ ತರೋಕೆ ಎದ್ದೆ. "ಬಣ್ಣ ಎಲ್ಲ ಕಿತ್ತು ಹೋಗುತ್ತೆ, ಕೂತ್ಕೋ," ಅಂತ ಗದರಿದರು. ದೇವರ ಗೂಡಿನಿಂದ ಹಳೇ ತಾಮ್ರದ ಕಾಸು ತಂದು, ಎಣ್ಣೆ ಬಿಟ್ಟು, ಅದರ ಅಂಚಿನಲ್ಲಿ ಮೆಲ್ಲಗೆ ಕೆರೆಯತೊಡಗಿದರು. ತಾಮ್ರ ಮೆತ್ತಗೆ, ತುಕ್ಕು ಏಳುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಕತ್ತಲಾಗುವವರೆಗೂ ಕೂತರು. ಚುಕ್ಕೆಗಳೆಲ್ಲ ಹೋದವು. ಹೆಬ್ಬೆಟ್ಟು ಮಸುಕಾಯಿತು, ಆದರೆ ಹೋಗಲಿಲ್ಲ.

"ಯಾರದ್ದಿರಬಹುದು ಮಾವ? ಹುಡುಗಂದಾ, ಎಎಸ್ಐದಾ?"

ಅವರು ಉತ್ತರ ಕೊಡಲಿಲ್ಲ. ತಮ್ಮ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದರು. ಸರಿಯಾಗಿ ಕೂತಿತು. ಬೇಗ ತೆಗೆದು, ಬಟ್ಟೆಯಲ್ಲಿ ಒರೆಸಿದರು.

"ಮುಂದೆ ಯಾವ ಎಲೆಕ್ಷನ್ನೋ?"

"ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ. 2021ರಿಂದ ಬಾಕಿ ಇದೆ."

"ಹಾಗೇ ಬಾಕಿ ಇರಲಿ," ಅಂದು ಇನ್ನೊಂದು ಹನಿ ಎಣ್ಣೆ ಬಿಟ್ಟರು.